ಮೂಡಬಿದಿರೆಯ ಕಲಾಸಂಪತ್ತು: ರಕ್ಷಣೆ ಮತ್ತು ಪ್ರಸಾರ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಬಸದಿಯೊಂದರಲ್ಲಿ ಪಂಚಕಲ್ಯಾಣ ನೆರವೇರುವ ದಿನ ಊರಿಗೆಲ್ಲ ಹಬ್ಬದ ದಿನ. ಆದರೆ ಪ್ರತಿಷ್ಠೆಯ ಮರುದಿನದಿಂದಲೇ ಆ ಬಸದಿಯು ಮಳೆ, ಗೆದ್ದಲು, ಕಳ್ಳರು ಮತ್ತು ಜನರ ಮರೆವು ಎಂಬ ನಾಲ್ಕು ಅಪಾಯಗಳನ್ನು ಎದುರಿಸಿ ನಿಲ್ಲಬೇಕಾಗುತ್ತದೆ. ಕಟ್ಟಿದುದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಈ ಪ್ರಶ್ನೆಗೆ ತುಳುನಾಡಿನ ಸಣ್ಣ ಪಟ್ಟಣವಾದ ಮೂಡಬಿದಿರೆಯ ಚರಿತ್ರೆಯಲ್ಲಿ ತಕ್ಕ ಉತ್ತರವಿದೆ.

ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಈ ಊರಿಗೆ ಬಿದಿರಿನಿಂದಲೇ ಹೆಸರು ಬಂದಿದೆ. ವೇಣುಪುರ, ವಂಶಪುರ ಎಂಬ ಹಳೆಯ ಹೆಸರುಗಳೂ ಅದನ್ನೇ ಸೂಚಿಸುತ್ತವೆ. ಇಲ್ಲಿನ 18 ಬಸದಿಗಳಿಂದಾಗಿ ಊರು ‘ಜೈನಕಾಶಿ’ ಎಂದು ಪ್ರಸಿದ್ಧವಾಯಿತು. ಅವುಗಳ ನಿರ್ಮಾಣದಲ್ಲಿ ಅರಸರ ಆಶ್ರಯದಷ್ಟೇ ವರ್ತಕರಾದ ಸೆಟ್ಟಿಗಳ ಮತ್ತು ಊರಿನ ಹಲರ ದಾನವೂ ಕೆಲಸ ಮಾಡಿದೆ.

ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ, ಇಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿಯ ನಿರ್ಮಾಣವಾಯಿತು. ಜನರು ಅದನ್ನು ಸಾವಿರ ಕಂಬದ ಬಸದಿ ಎಂದೇ ಕರೆಯುತ್ತಾರೆ. ಕೆಳಗೆ ಶಿಲೆಯ ಕಂಬಗಳು, ಮೇಲಿನ ಅಂತಸ್ತುಗಳಲ್ಲಿ ಮರದ ಕೆಲಸ, ಅದರ ಮೇಲೆ ಕರಾವಳಿಯ ಬಿರುಮಳೆ ನಿಲ್ಲದೆ ಹರಿದುಹೋಗುವಂತೆ ಇಳಿಜಾರಾದ ಛಾವಣಿ. ಶಿಲ್ಪಿಯೂ ಬಡಗಿಯೂ ಕೂಡಿ ದುಡಿದುದರ ಫಲವಿದು. ಕಂಬಗಳ ಕೆತ್ತನೆಯ ವೈವಿಧ್ಯ ನೋಡುವವರನ್ನು ಇಂದಿಗೂ ಬೆರಗುಗೊಳಿಸುತ್ತದೆ. ಭೈರಾದೇವಿ ಮಂಟಪದ ಬುಡದ ಪಟ್ಟಿಕೆಯಲ್ಲಿ ಜಿರಾಫೆಯನ್ನೂ ಚೀನಾ ದೇಶದ ಡ್ರ್ಯಾಗನ್ನನ್ನೂ ಹೋಲುವ ಆಕೃತಿಗಳಿವೆ. ಕರಾವಳಿಯ ಬಂದರುಗಳಿಗೆ ಹೊರದೇಶಗಳೊಡನೆ ಇದ್ದ ಸಂಬಂಧವನ್ನು ಅವು ನೆನಪಿಸುತ್ತವೆ. ದೂರದ ಪ್ರಾಣಿಗೂ ಜಿನಾಲಯದ ಗೋಡೆಯಲ್ಲಿ ಎಡೆಯಿತ್ತ ಆ ಶಿಲ್ಪಿಗಳ ಮನಸ್ಸು ಎಷ್ಟು ವಿಶಾಲವಾಗಿದ್ದಿರಬೇಕು!

ಕಲೆ ಬಸದಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಕೂಡಿ ಆನೆಯಾಗುವ ನವನಾರೀಕುಂಜರವೂ, ಐವರು ಕೂಡಿ ಕುದುರೆಯಾಗುವ ಪಂಚನಾರೀತುರಗವೂ ಇವೆ. 16ನೆಯ ಶತಮಾನದಲ್ಲಿ ರತ್ನಾಕರವರ್ಣಿ ಇದೇ ನೆಲದಲ್ಲಿ ‘ಭರತೇಶ ವೈಭವ’ವನ್ನು ರಚಿಸಿದನು. ಪಂಡಿತರಿಗೆ ಮಾತ್ರ ಎಟಕುವ ಪ್ರೌಢ ಚಂಪುವನ್ನು ಬಿಟ್ಟು, ಹಾಡಲು ಒದಗುವ ಸಾಂಗತ್ಯವನ್ನು ಅವನು ಆರಿಸಿಕೊಂಡನು. ಕಾವ್ಯವು ಮನೆಮನೆಯ ಜಗಲಿಗೆ ಬರಬೇಕೆಂಬ ಹಂಬಲ ಆ ಆಯ್ಕೆಯಲ್ಲಿಯೇ ಕಾಣುತ್ತದೆ.

ಊರಿನ ವಿನೋದಗಳಿಗೂ ಪರಂಪರೆಯಲ್ಲಿ ಸ್ಥಾನವಿದೆ. ಮೂಡಬಿದಿರೆಯ ಕಡಲಕೆರೆಯ ಬಳಿ ನಡೆಯುವ ಕಂಬಳಕ್ಕೆ ನಾಡಿನ ನಾನಾ ಕಡೆಗಳಿಂದ ಜನ ಸೇರುತ್ತಾರೆ. ಕೋಣಗಳಿಗೆ ಹಿಂಸೆಯಾಗುತ್ತದೆಂಬ ಆಕ್ಷೇಪದಿಂದ ಕಂಬಳವು ನ್ಯಾಯಾಲಯದ ಮೆಟ್ಟಿಲೇರಿತು. 2017ರಲ್ಲಿ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಅಹಿಂಸೆಯೇ ಪರಮಧರ್ಮವೆಂದು ನಂಬಿದ ಸಮಾಜದ ಹೊಣೆ ಅಷ್ಟಕ್ಕೇ ಮುಗಿಯದು. ಮೂಕಪ್ರಾಣಿಯ ಬೆನ್ನಿಗೆ ಬೀಳುವ ಪ್ರತಿಯೊಂದು ಪೆಟ್ಟನ್ನೂ ತಡೆಯುವುದು ಕಾನೂನಿಗಿಂತ ಮೊದಲು ಶ್ರಾವಕನ ವ್ರತ. ಪರಂಪರೆಯನ್ನು ಉಳಿಸುವುದೆಂದರೆ ತಿದ್ದಬೇಕಾದುದನ್ನು ತಿದ್ದಿಕೊಳ್ಳುವುದೂ ಹೌದು.

ಇನ್ನು ಮೂಡಬಿದಿರೆಯ ಬಹು ದೊಡ್ಡ ನಿಧಿಯಾದ ಸಿದ್ಧಾಂತ ಗ್ರಂಥಗಳ ವಿಚಾರ. ಧರಸೇನಾಚಾರ್ಯರಿಂದ ಆಗಮಜ್ಞಾನವನ್ನು ಪಡೆದ ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ರಚಿಸಿದರು. ಅದಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಬರೆದರು. ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನಾಚಾರ್ಯರು 837ರಲ್ಲಿ ಪೂರ್ಣಗೊಳಿಸಿದರು. ಈ ಮಹಾಗ್ರಂಥಗಳ ಪ್ರಾಚೀನ ಓಲೆಗರಿ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಗುರುಬಸದಿಯಲ್ಲಿ ಉಳಿದುಬಂದವು. ಹೊರಗಿನ ಪಂಡಿತರಿಗೆ ಗ್ರಂಥದ ಹೆಸರು ಮಾತ್ರ ಗೊತ್ತಿತ್ತು. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿದು ಹಿಂದಿರುಗುತ್ತಿದ್ದರು, ಓದಿದವರು ವಿರಳ.

ಆ ಕಟ್ಟುನಿಟ್ಟಿನ ಕಾವಲನ್ನು ಇಂದು ಹಗುರವಾಗಿ ಟೀಕಿಸಬಾರದು. ಆ ಕಾವಲಿಲ್ಲದಿದ್ದರೆ ಓದಲು ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ಕಾವಲೊಂದೇ ಸಾಲದಾಯಿತು. ಓಲೆಗರಿಗೂ ಆಯುಷ್ಯವುಂಟು. ಅಂಚು ಮುರಿಯುತ್ತದೆ, ಹುಳು ತಿನ್ನುತ್ತದೆ. ಒಂದೇ ಊರಿನಲ್ಲಿರುವ ಗ್ರಂಥ ಒಂದೇ ಅವಘಡಕ್ಕೆ ಇಲ್ಲವಾಗಬಹುದು. ಇದನ್ನರಿತ ಸಮಾಜದ ಹಿರಿಯರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ರತಿ ಮಾಡಿಸುವ ಕಾರ್ಯಕ್ಕೆ ಕೈಹಾಕಿದರು. ಲಿಪಿಕಾರರು ವರ್ಷಾನುಗಟ್ಟಲೆ ಕುಳಿತು ಕನ್ನಡ ಮತ್ತು ನಾಗರೀ ಲಿಪಿಗಳಲ್ಲಿ ಅವನ್ನು ಬರೆದಿಳಿಸಿದರು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟ 1939ರಲ್ಲಿ ಬೆಳಕು ಕಂಡಿತು. 1959ರ ವೇಳೆಗೆ 16 ಸಂಪುಟಗಳು ಪೂರ್ಣಗೊಂಡವು. ಮುದ್ರಿತ ಪಾಠವನ್ನು ಮೂಲ ಓಲೆಗಳೊಡನೆ ತಾಳೆ ನೋಡುವುದಕ್ಕೂ ಮೂಡಬಿದಿರೆಯ ಸಹಕಾರ ದೊರೆಯಿತು. ಕಾಪಾಡಿದವರ ಶ್ರದ್ಧೆ, ಬರೆದವರ ಶ್ರಮ, ಬಾಗಿಲು ತೆರೆದವರ ಔದಾರ್ಯ, ಇವುಗಳಲ್ಲಿ ಒಂದು ಕಡಿಮೆಯಾಗಿದ್ದರೂ ಲೋಕಕ್ಕೆ ಆ ಜ್ಞಾನ ದಕ್ಕುತ್ತಿರಲಿಲ್ಲ.

ಕಾವಲಿನ ಅಗತ್ಯವೂ ಮುಗಿದಿಲ್ಲ. 2013ರಲ್ಲಿ ಇದೇ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೆಲ್ಲ ಮರುಗಿತು. ಬಿಂಬಗಳ ಛಾಯಾಚಿತ್ರ, ಅಳತೆ, ಪೀಠದ ಬರಹ ಇವುಗಳ ಸರಿಯಾದ ದಾಖಲೆ ಪ್ರತಿಯೊಂದು ಬಸದಿಯಲ್ಲಿಯೂ ಇರಬೇಕಾದುದು ಎಷ್ಟು ಅವಶ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಾಖಲೆಯಿಲ್ಲದ ಬಿಂಬ ಕಳೆದುಹೋದರೆ, ಸಿಕ್ಕ ಮೇಲೂ ಅದು ಯಾವ ಊರಿನದೆಂದು ಹೇಳುವುದು ಕಷ್ಟ.

ಆದ್ದರಿಂದ ಪ್ರತಿಷ್ಠಾ ಮಹೋತ್ಸವದ ಈ ಸಂಭ್ರಮದೊಡನೆ ಕೆಲವು ಸಂಕಲ್ಪಗಳೂ ಕೂಡಿಬರಲಿ. ಜೀರ್ಣೋದ್ಧಾರವೆಂದರೆ ಹಳೆಯದನ್ನು ಕೆಡವುವುದಲ್ಲ. ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದೂ ಕೆತ್ತನೆಯ ಕಂಬಕ್ಕೆ ಬಣ್ಣ ಹಚ್ಚುವುದೂ ನಿಲ್ಲಲಿ. ಮಳೆಗಾಲಕ್ಕೆ ಮೊದಲು ಛಾವಣಿಯ ಪರೀಕ್ಷೆಯಾಗಲಿ. ಮನೆಗಳ ಅಟ್ಟದಲ್ಲಿರುವ ಓಲೆಗರಿಯ ಕಟ್ಟುಗಳನ್ನು ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಪೂಜಿಸುವುದರೊಡನೆ ಬಿಚ್ಚಿ, ಧೂಳು ತೆಗೆದು, ತಿಳಿದವರಿಗೆ ತೋರಿಸುವ ಪದ್ಧತಿ ಬೆಳೆಯಲಿ. ಊರಿನ ನಾಲ್ಕಾರು ಮಕ್ಕಳಾದರೂ ಹಳೆಯ ಲಿಪಿಯನ್ನು ಓದಲು ಕಲಿಯಲಿ.

ಕಲ್ಲು ಮರಗಳಲ್ಲಿ ಕಟ್ಟಿದ ಬಸದಿಯನ್ನು ಕಾಯಲು ಬೀಗವಿದೆ. ಅದರ ಅರ್ಥವನ್ನು ಕಾಯಬೇಕಾದವರು ಬಲ್ಲ ಜನರೇ. ಅಂಥ ಜನರು ಪ್ರತಿಯೊಂದು ತಲೆಮಾರಿನಲ್ಲಿಯೂ ಹುಟ್ಟಿಬರಲಿ, ಇಂದು ಪ್ರತಿಷ್ಠೆಗೊಂಡ ಜಿನಬಿಂಬದ ಸನ್ನಿಧಿಯು ಅದಕ್ಕೆ ಪ್ರೇರಣೆಯಾಗಲಿ.

ಜೈನಂ ಜಯತು ಶಾಸನಂ.