ಹದಿನಾಲ್ಕು ತುಂಬಿದ ಮರುದಿನ

ಇವತ್ತು ಬೆಂಗಳೂರಿನ ರಾಜಕೀಯ ಬೇಡ, ಬಾಗಲಕೋಟೆಗೆ ಹೋಗೋಣ. ಬಾದಾಮಿ, ಹುನಗುಂದ, ಇಳಕಲ್ ಅಂದರೆ ನಮ್ಮ ಕ್ಯಾಮೆರಾಗೆ ಕಾಣೋದು ಗುಹೆ, ಸೀರೆ, ಗ್ರಾನೈಟು. ನಾನು ಹೇಳಬೇಕಿರೋದು ಆ ಕಡೆಯ ಹಳೇ ಸರ್ಕಾರಿ ಹೈಸ್ಕೂಲುಗಳ ಬಗ್ಗೆ. ಹುಡುಗ ಹುಡುಗಿ ಒಂದೇ ಕೋಣೆಯಲ್ಲಿ ಕೂತು ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಓದುವ ಶಾಲೆಗಳು.

ನಾನು ಇಂಜಿನಿಯರಿಂಗ್ ಓದಿದವನು. ಯಾವುದೇ ಯಂತ್ರ ಕೈಗೆ ಸಿಕ್ಕರೂ ಮೊದಲು ಅದರ ಜಾಯಿಂಟ್ ನೋಡ್ತೀನಿ. ನಮ್ಮ ಕಾನೂನಿನ ಜಾಯಿಂಟ್ ನೋಡಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಎಂಟನೇ ಕ್ಲಾಸಿಗೆ ಹಕ್ಕು ಮುಗೀತು. 2016ರ ತಿದ್ದುಪಡಿ ಪ್ರಕಾರ 14 ತುಂಬಿದವರು ಗಣಿಯಂಥ ಅಪಾಯದ ಜಾಗ ಬಿಟ್ಟು ಬೇರೆ ಕಡೆ ದುಡಿಯಬಹುದು. ಹುಡುಗಿಯ ಮದುವೆಗೆ 18 ಆಗಬೇಕು. ಅಂದರೆ ನಡುವಿನ ನಾಲ್ಕು ವರ್ಷ ಓದು ಹಕ್ಕಲ್ಲ, ದುಡಿಮೆ ತಪ್ಪಲ್ಲ. ಆಮೇಲೆ ಮನೆಗೆ ಸಂಬಂಧ ಕೇಳಿಕೊಂಡು ಬರೋರನ್ನ ತಡೆಯೋರು ಯಾರು?

ಇಳಕಲ್ಲಿನ ಮನೆ ಮನೆಯಲ್ಲಿ ಮಗ್ಗ ಇತ್ತು, ಈಗಲೂ ಇದೆ. ಶಾಲೆ ಬಿಟ್ಟ ಮೇಲೆ ಮಗು ಮನೆ ಕಸುಬಿಗೆ ಕೈ ಹಚ್ಚೋದಕ್ಕೆ ಕಾನೂನೇ ಅವಕಾಶ ಕೊಡುತ್ತೆ. ಸರಿ. ಆದರೆ ಶಾಲೆಯೇ ದೂರ ಇದ್ದರೆ "ಶಾಲೆ ಬಿಟ್ಟ ಮೇಲೆ" ಅನ್ನೋ ಮಾತಿಗೆ ಬೇರೆ ಅರ್ಥ ಬರುತ್ತೆ!

"ಹುಡುಗರ ಜೋಡಿ ಹೆಣ್ಣ ಹುಡುಗಿ ಯಾಕ್ರೀ ಸಾಲಿಗೆ?" ಅಂತ ಕೇಳೋರಿದ್ದಾರೆ. ಆ ತಂದೆಯ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಸಣ್ಣ ಊರಲ್ಲಿ ಎರಡು ಹೈಸ್ಕೂಲು ಆಗೋದಿಲ್ಲ ಸ್ವಾಮಿ. ಇರೋದು ಒಂದೇ, ಅದು ಬೇಡ ಅಂದರೆ ಹುಡುಗಿಗೆ ಉಳಿಯೋದು ಮನೆ.

ಸರ್ಕಾರ ಏನೂ ಮಾಡಿಲ್ಲವಾ? ಮಾಡಿದೆ. 2002ರಲ್ಲಿ ಅಕ್ಷರ ದಾಸೋಹ ಶುರುವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಕೇಂದ್ರದ ಊಟ ಎಂಟನೇ ಕ್ಲಾಸಿಗೆ ನಿಲ್ಲುತ್ತೆ, ಒಂಬತ್ತು ಹತ್ತಕ್ಕೆ ರಾಜ್ಯವೇ ಬಡಿಸುತ್ತೆ. 2006-07ರಲ್ಲಿ ಎಂಟನೇ ಕ್ಲಾಸಿಗೆ ಸೈಕಲ್ ಬಂತು, ಕೋವಿಡ್ ಹೊತ್ತಿಗೆ ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ, ಹುಡುಗಿಗೆ ಟಿಕೆಟ್ ಫ್ರೀ. ಟಿಕೆಟ್ ಫ್ರೀ, ಬಸ್ಸೆಲ್ಲಿ? ಶಾಲೆ ಬಿಡೋ ಹೊತ್ತಿಗೆ ಬಸ್ ಇಲ್ಲದಿದ್ದರೆ ಸೊನ್ನೆ ರೂಪಾಯಿ ಟಿಕೆಟ್ಟಿನಿಂದ ಏನು ಉಪಯೋಗ?

ಇನ್ನೊಂದು ವಿಷಯ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಾಲ್ಯವಿವಾಹ ತಡೆಯಲು ಹೋದ ಅಧಿಕಾರಿ ಮುಂದೆ ಮನೆಯವರು "ಹುಡುಗಿಗೆ ಹದಿನೆಂಟು ಆಗೇತ್ರೀ" ಅಂತಾರೆ. ಆಗ ವಯಸ್ಸಿಗೆ ಪುರಾವೆ ಏನು? 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ಕೇಳೋದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಮೂಳೆ ಪರೀಕ್ಷೆ ಕೊನೆಗೆ. ಹೆಡ್‌ಮಾಸ್ಟರ್ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತಲ್ಲ, ಆ ದಾಖಲಾತಿ ರಿಜಿಸ್ಟರು! ಮಳೆಗೆ ಸೋರುವ ಛಾವಣಿ ಕೆಳಗೆ ಅದು ಎಷ್ಟು ದಿನ ಉಳಿದೀತು? ಬಾಗಲಕೋಟೆ ಜಿಲ್ಲೆಯ ಶಾಸಕರೆಲ್ಲರಿಗೂ ಈ ರಾತ್ರಿ ಅದೊಂದೇ ಪ್ರಶ್ನೆ ಕೇಳ್ತಿದ್ದೀನಿ.