ಅರ್ಧ ಆದ ಕೆಲಸವನ್ನೂ ತೋರಿಸೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಐವತ್ತು ವರ್ಷದ ಹಬ್ಬ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ, ಎಲ್ಲರೂ ಕೈಲಾದಷ್ಟು ಕೊಟ್ಟಿದ್ದೀರಿ. ಶಾಮಿಯಾನ ಬಿಚ್ಚಿದ ಮೇಲೆ, ಮುಂದಿನ ವರ್ಷ ಕೊಡುವವರು ಯಾರು ಎಂಬುದು ನನ್ನ ಚಿಂತೆ. ಕೊಟ್ಟವರಿಗೆ ನಾವು ತಿರುಗಿ ಕೊಡುವುದು ಒಂದು ರಸೀದಿ, ಗೋಡೆಯ ಕಲ್ಲಿನ ಮೇಲೊಂದು ಹೆಸರು. ದುಬೈನಲ್ಲೋ ಪುಣೆಯಲ್ಲೋ ಇರುವವರು ಆ ಕಲ್ಲನ್ನು ನೋಡುವುದು ಯಾವಾಗ?

ವರ್ಷಕ್ಕೆ ಮೂರು ಭಾನುವಾರ, ಅರ್ಧರ್ಧ ಗಂಟೆ, ಶಾಲೆಯಿಂದ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡೋಣ. ಒಂದು ಫೋನು, ಅದನ್ನು ನಿಲ್ಲಿಸಲು ಸ್ಟ್ಯಾಂಡು, ಕಾಲರಿಗೆ ಸಿಕ್ಕಿಸುವ ಮೈಕು ಸಾಕು. ಮೈಕು ಮಾತ್ರ ಬಿಡಬೇಡಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಸಂಜೆ ಏಳೂವರೆ ಒಳ್ಳೆಯ ಹೊತ್ತು: ದುಬೈನಲ್ಲಿ ಆಗ ಆರು ಗಂಟೆ, ಬೇಸಿಗೆಯಾದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳು. ನಮ್ಮಲ್ಲಿ ಕರೆಂಟು ಹೋಗುವ ಹೊತ್ತೂ ಅದೇ ಎಂದು ನಗುತ್ತಿದ್ದೀರಿ. ಒಂದು ಬ್ಯಾಟರಿ ದೀಪವೂ ಇರಲಿ.

ಪ್ರಸಾರದಲ್ಲಿ ಭಾಷಣ, ಹಾರ, ಶಾಲು ಬೇಡ. ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿ. ಬಿಲ್ಲುಗಳನ್ನು ಕ್ಯಾಮೆರಾ ಮುಂದೆ ಹಿಡಿಯಿರಿ. ನೋಡುತ್ತಿರುವವರು ಬರೆದು ಕೇಳಿದ್ದಕ್ಕೆ ಅಲ್ಲೇ, ಅವರ ಹೆಸರು ಹೇಳಿ ಉತ್ತರ ಕೊಡಿ. ರೆಕಾರ್ಡು ಮಾಡಿ ಕಳಿಸಿದ ವಿಡಿಯೋದಲ್ಲಿ ಇದು ಆಗದು. ‘ಪೈಪಿಗೆ ಇಷ್ಟೇಕೆ ಆಯಿತು?’ ಎಂದು ಯಾರಾದರೂ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅಷ್ಟು ದೂರದಲ್ಲಿ ಕುಳಿತು ಪೈಪಿನ ಲೆಕ್ಕ ಕೇಳುವವರಿಗೆ ಶಾಲೆಯ ಮೇಲೆ ಇನ್ನೂ ಮನಸ್ಸಿದೆ.

ಒಂದು ವಿಷಯದಲ್ಲಿ ನಾನು ಹಠಮಾರಿ. ಅಮೆರಿಕದಲ್ಲಿ ಜೆರ್ರಿ ಲೂಯಿಸ್ ಎಂಬ ಹಾಸ್ಯನಟ 1966ರಿಂದ 2010ರವರೆಗೆ ವರ್ಷವರ್ಷವೂ ಟಿ.ವಿ.ಯಲ್ಲಿ ಗಂಟೆಗಟ್ಟಲೆ ನೇರ ಪ್ರಸಾರ ನಡೆಸಿ, ಸ್ನಾಯುಗಳು ಕ್ಷೀಣಿಸುವ ಕಾಯಿಲೆಯವರಿಗಾಗಿ ಕೋಟಿಗಟ್ಟಲೆ ಡಾಲರ್ ಕೂಡಿಸಿದ. ಕಾಯಿಲೆಯ ಮಕ್ಕಳನ್ನೂ ಮುಂದೆ ನಿಲ್ಲಿಸುತ್ತಿದ್ದರು. 1990ರ ದಶಕದಲ್ಲಿ ಆ ಕಾರ್ಯಕ್ರಮದ ವಿರುದ್ಧ ಬೀದಿಗಿಳಿದವರಲ್ಲಿ, ಎಳೆಯರಾಗಿದ್ದಾಗ ದೇಣಿಗೆಗಾಗಿ ಪ್ರದರ್ಶನಕ್ಕೆ ಬಂದಿದ್ದವರೇ ಇದ್ದರು. ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನಿಸಿ ಹಣ ಎತ್ತಬೇಡಿ ಎಂಬುದು ಅವರ ತಕರಾರು. ನಮ್ಮ ವಿದ್ಯಾರ್ಥಿವೇತನ ಪಡೆಯುವ ಹುಡುಗಿಯ ಮುಖ, ಮನೆ, ಅಪ್ಪನ ಕಷ್ಟ ಪ್ರಸಾರದಲ್ಲಿ ಬರಕೂಡದು. ಆಕೆ ಈ ಊರಲ್ಲೇ ಬಾಳಬೇಕಾದವಳು. ಮಕ್ಕಳು ಪ್ರಯೋಗ ಮಾಡಿ ತೋರಿಸಲಿ, ಹಾಡಲಿ. ಅದಕ್ಕೂ ಮೊದಲು ತಂದೆತಾಯಿಯ ಲಿಖಿತ ಒಪ್ಪಿಗೆ ಇರಲಿ.

ಹಣದ ಬಗ್ಗೆ ಒಂದು ಎಚ್ಚರಿಕೆ. ಭಾರತದ ಪಾಸ್‌ಪೋರ್ಟ್ ಇರುವವರು ಹೊರದೇಶದಲ್ಲಿ ದುಡಿದ ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. 2010ರ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ನಮ್ಮ ಸಂಘ ಅದನ್ನು ಮುಟ್ಟುವಂತಿಲ್ಲ. ಪರದೆಯ ಮೇಲೆ ಕ್ಯೂಆರ್ ಕೋಡ್ ಹಾಕುವಾಗ ಈ ಮಾತನ್ನೂ ಹಾಕಿ.

ಮೊದಲ ಪ್ರಸಾರಕ್ಕೆ ಹುಡುಗಿಯರ ಶೌಚಾಲಯದ ನೀರಿನ ತೊಟ್ಟಿಯನ್ನೇ ತೋರಿಸೋಣ. ಅದು ಇನ್ನೂ ಅರ್ಧಕ್ಕೆ ನಿಂತಿದೆ, ನಿಜ. ಅರ್ಧಕ್ಕೆ ಏಕೆ ನಿಂತಿತು, ಇನ್ನೆಷ್ಟು ಬೇಕು ಎಂದು ಅದರ ಪಕ್ಕದಲ್ಲೇ ನಿಂತು ಹೇಳೋಣ. ಫೋನಿನಿಂದ ನೇರ ಪ್ರಸಾರ ಮಾಡಲು ಯೂಟ್ಯೂಬ್ ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಬೇಕು. ಚಂದಾ ಎಂದೊಡನೆ ಜೇಬು ಮುಟ್ಟಿಕೊಳ್ಳಬೇಡಿ, ಇದಕ್ಕೆ ಕಾಸಿಲ್ಲ. ಆ 50 ಜನ ಈ ಶಾಮಿಯಾನದ ಕೆಳಗೇ ಇದ್ದೀರಿ. ಊಟಕ್ಕೆ ಏಳುವ ಮೊದಲು ಒಮ್ಮೆ ಫೋನು ಹೊರಗೆ ತೆಗೆಯಿರಿ.