ಯವನರ ಕಲ್ಲು, ನಮ್ಮ ಕಲ್ಲು

ಶಿರಾಳಕೊಪ್ಪದಿಂದ ಮನಸ್ಸು ಮಾಡಿದರೆ ಕಾಲ್ನಡಿಗೆಯಲ್ಲೇ ಹೋಗಿಬರಬಹುದಾದಷ್ಟು ದೂರದಲ್ಲಿ ಒಂದು ಕಡೆ ಬಳ್ಳಿಗಾವೆಯಿದೆ, ಇನ್ನೊಂದು ಕಡೆ ತಾಳಗುಂದವಿದೆ. ನಾನು ಪಂಡಿತ ಪರೀಕ್ಷೆ ಮುಗಿಸಿ ಈ ಸೀಮೆಯ ಪ್ರೌಢಶಾಲೆಗೆ ಬಂದ ಹೊಸದರಲ್ಲಿ, ಒಂದು ಭಾನುವಾರ ಹುಡುಗರನ್ನು ಕಟ್ಟಿಕೊಂಡು ತಾಳಗುಂದಕ್ಕೆ ಹೋಗಿದ್ದೆ. ಪ್ರಣವೇಶ್ವರ ದೇವಾಲಯದ ಮುಂದಿನ ಎಂಟು ಮುಖದ ಕಂಬವನ್ನು ತೋರಿಸಿ, ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಕಥೆಯನ್ನು ರಸವತ್ತಾಗಿ ಹೇಳಿದೆ. ಅವನು ವೇದಾಧ್ಯಯನಕ್ಕೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಎಲ್ಲವನ್ನೂ ಹೇಳಿದೆ. ಆಗ ಒಬ್ಬ ಹುಡುಗ ಕೇಳಿದ: "ಮೇಷ್ಟ್ರೇ, ಇದರಲ್ಲಿ ಮೊದಲನೇ ಅಕ್ಷರ ಎಲ್ಲಿದೆ?"

ನಾನು ಕಂಬದ ತುದಿಯಲ್ಲಿ ಹುಡುಕಿದೆ. ಶಾಸನವೋ ಬುಡದಿಂದ ಹೊರಟು ಮೇಲಕ್ಕೆ ಏರುತ್ತದೆ! ಸಾಲುಗಳು ಕಂಬದ ಉದ್ದಕ್ಕೆ ಇವೆ. ಕತ್ತು ವಾಲಿಸಿ ಓದಬೇಕು. ಕೇಶಿರಾಜನ ಸೂತ್ರಗಳನ್ನು ನಿದ್ದೆಯಲ್ಲಿಯೂ ಒಪ್ಪಿಸಬಲ್ಲ ನನಗೆ, ಊರ ಪಕ್ಕದ ಕಲ್ಲಿನ ಒಂದಕ್ಷರವೂ ತಿಳಿದಿರಲಿಲ್ಲ. ಆ ಹುಡುಗನಿಗೆ ಅಂದು ಏನು ಉತ್ತರ ಹೇಳಿದೆನೋ ನೆನಪಿಲ್ಲ. ನಾಚಿಕೆಯಾದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಅಂದಿನಿಂದ ಲಿಪಿಯ ಗೀಳು ಹಿಡಿಯಿತು. ಬಿ. ಎಲ್. ರೈಸ್ ಸಾಹೇಬರು 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಈ ಕಂಬ ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ. ಸೊರಬದ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿವೆ. ಆ ಸಂಪುಟವನ್ನು ಮುಂದಿಟ್ಟುಕೊಂಡು, ಮಗ್ಗಿ ಬಾಯಿಪಾಠ ಮಾಡುವ ಮಗುವಿನಂತೆ ಅಕ್ಷರಗಳನ್ನು ತಿದ್ದಿದೆ. ಹೀಗೆ ತಿದ್ದುವಾಗಲೇ ಯವನರ, ಅಂದರೆ ಗ್ರೀಕರ, ಕಲ್ಲುಗಳ ವಿಷಯವನ್ನೂ ಓದತೊಡಗಿದೆ. ಶಿರಾಳಕೊಪ್ಪದಲ್ಲಿ ಕುಳಿತು ಗ್ರೀಕರ ಅಕ್ಷರ ಯಾಕೆ ಎಂದು ತಾವು ಕೇಳಬಹುದು. ಒಂದು ಮನೆಯ ಗೋಡೆ ಹೇಗಿದೆಯೆಂದು ತಿಳಿಯಲು ಪಕ್ಕದ ಮನೆಯ ಅಂಗಳದಲ್ಲಿ ನಿಂತು ನೋಡುವುದುಂಟಲ್ಲವೇ?

ಗ್ರೀಕರು ಅಕ್ಷರವನ್ನು ತಾವೇ ಕಂಡುಹಿಡಿದವರಲ್ಲ; ಸಮುದ್ರ ವ್ಯಾಪಾರಿಗಳಾದ ಫಿನೀಷಿಯನ್ನರಿಂದ ಎರವಲು ಪಡೆದರು. ಆ ವ್ಯಾಪಾರಿಗಳ ಲಿಪಿಯಲ್ಲಿ ಬರಿಯ ವ್ಯಂಜನಗಳಿದ್ದವು, ಸ್ವರಗಳಿಲ್ಲ. ಅವರ ಕೆಲವು ವ್ಯಂಜನಗಳು ಗ್ರೀಕರ ನಾಲಗೆಗೆ ಬೇಡವಾಗಿದ್ದವು. ಆ ಬೇಡದ ಗುರುತುಗಳನ್ನೇ ಗ್ರೀಕರು ಸ್ವರಗಳನ್ನಾಗಿ ಮಾಡಿಕೊಂಡರು. ಎತ್ತು ಎಂಬ ಅರ್ಥದ 'ಆಲೆಫ್' ಹೀಗೆ 'ಆಲ್ಫಾ' ಆಯಿತು. ನಮ್ಮವರ ಹಾದಿ ಬೇರೆ: ಸ್ವರವನ್ನು ವ್ಯಂಜನದ ಮೈಗೇ ತೊಡಿಸಿ, ಕಾಗುಣಿತ ಮಾಡಿದರು. ಯಾವುದು ಮೇಲು ಎಂದು ಕೇಳಿದರೆ ನಾನು ಕಾಗುಣಿತದ ಪಕ್ಷದವನು, ಪಕ್ಷಪಾತವೆಂದರೆ ಒಪ್ಪಿಕೊಳ್ಳುತ್ತೇನೆ.

ಅಥೆನ್ಸಿನಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ 740ರ ಸುಮಾರಿನ ಒಂದು ಮದ್ಯದ ಹೂಜಿಯ ಮೇಲೆ, ಚೆನ್ನಾಗಿ ಕುಣಿದವನಿಗೆ ಬಹುಮಾನ ಎಂಬರ್ಥದ ಬರಹವಿದೆ. ಅದು ಬಲದಿಂದ ಎಡಕ್ಕೆ ಸಾಗುತ್ತದೆ. ಮುಂದೆ ಗ್ರೀಕರು ಇನ್ನೊಂದು ಬಗೆಯಲ್ಲೂ ಬರೆದರು. ಉಳುವ ಎತ್ತು ಸಾಲಿನ ಕೊನೆ ಮುಟ್ಟಿ ಅಲ್ಲಿಂದಲೇ ತಿರುಗಿ ಬರುತ್ತದಲ್ಲ, ಹಾಗೆ ಒಂದು ಸಾಲು ಈ ಕಡೆಗೆ, ಮರುಸಾಲು ಆ ಕಡೆಗೆ. ಕ್ರೀಟ್ ದ್ವೀಪದ ಗಾರ್ಟಿನ್ ಎಂಬಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ಕಾನೂನುಗಳನ್ನು ಗೋಡೆಯ ಕಲ್ಲುಗಳ ಮೇಲೆ ಹೀಗೆಯೇ ಕೊರೆದಿದ್ದಾರೆ. ಇದು ಅವರಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಆಂಧ್ರದ ಎರ್ರಗುಡಿಯಲ್ಲಿರುವ ಅಶೋಕನ ಕಿರುಶಾಸನದ ಹಲವು ಸಾಲುಗಳೂ ಹೀಗೆ ಹಿಂದಕ್ಕೆ ತಿರುಗಿ ಬರುತ್ತವೆ.

ಅಶೋಕನ ಮಾತು ಬಂತು. 1892ರಲ್ಲಿ ರೈಸ್ ಅವರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವನ ಶಾಸನಗಳನ್ನು ಕಂಡರು. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ಕೊನೆಯಲ್ಲಿ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಅರಮಾಯಿಕ್ ಲಿಪಿಯಿಂದ ಬಂದದ್ದು. ಆ ಅರಮಾಯಿಕ್ಕಿಗೂ ತಾಯಿ ಆ ಫಿನೀಷಿಯನ್ ಲಿಪಿಯೇ. ಅಂದಮೇಲೆ ಆಲ್ಫಾ, ಬೀಟಾಗಳ ದಾಯಾದಿಗಳು ನಮ್ಮ ಬಂಡೆಯ ಮೇಲೆ ಕುಳಿತು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚಾಯಿತು. ಬ್ರಾಹ್ಮಿಯೂ ಅದೇ ಕುಲದ್ದೆಂದು ಬ್ಯೂಲರ್ ಪಂಡಿತರು ವಾದಿಸಿದ್ದರು. ಒಪ್ಪದವರೂ ಬಹಳ ಮಂದಿ ಇದ್ದಾರೆ.

ಆ ಬ್ರಾಹ್ಮಿಯಲ್ಲಿ 'ಕ' ಎಂದರೆ ಕೂಡುವ ಲೆಕ್ಕದ ಗುರುತಿನಂತೆ ಎರಡು ಗೆರೆ, ಅಷ್ಟೇ. ತಾಳಗುಂದದ ಕಂಬಕ್ಕೆ ಬರುವ ಹೊತ್ತಿಗೆ ನಿಂತ ಗೆರೆಯ ಕಾಲು ಉದ್ದವಾಗಿ ಬಳುಕಿದೆ. ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಕೂತಿದೆ. ಬಳ್ಳಿಗಾವೆಯ ಚಾಲುಕ್ಯರ ಕಾಲದ ಕಲ್ಲುಗಳಲ್ಲಿ ಅದು ದುಂಡಗೆ ಮುತ್ತಿನಂತಾಗಿ, ಸ್ವಲ್ಪ ಅಭ್ಯಾಸವಿದ್ದರೆ ನಿಮ್ಮ ಮಕ್ಕಳೇ ಓದಬಲ್ಲ 'ಕ' ಆಗಿದೆ. ತಾಳಗುಂದದ ಕಾವ್ಯವನ್ನು ಕಟ್ಟಿದ ಕುಬ್ಜನೆಂಬ ಕವಿ, ಶಾಂತಿವರ್ಮನ ಅಪ್ಪಣೆಯಂತೆ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಳ್ಳುತ್ತಾನೆ. ತನ್ನ ಕೈಬರಹವನ್ನು ಹದಿನೈದು ಶತಮಾನ ಉಳಿಸಿದ ಕವಿ ಇನ್ನೆಷ್ಟು ಮಂದಿ?

ಅದೇ ದೇವಾಲಯದ ಮುಂದೆ 2013ರಲ್ಲಿ ಅಗೆತ ನಡೆದಾಗ, ಸಿಂಹವಿರುವ ಕೈಪಿಡಿಗಲ್ಲೊಂದರ ಮೇಲೆ ಸಂಸ್ಕೃತದೊಡನೆ ಕನ್ನಡವೂ ಬೆರೆತ ಕಿರುಶಾಸನ ಸಿಕ್ಕಿತು. ಅದು ಕ್ರಿಸ್ತಶಕ 370ರ ಸುಮಾರಿನದೆಂದು ಪುರಾತತ್ವ ಇಲಾಖೆಯವರು ಎಣಿಸಿದರು. 1936ರಲ್ಲಿ ಎಂ. ಎಚ್. ಕೃಷ್ಣ ಅವರಿಗೆ ದೊರೆತ, ಸುಮಾರು 450ರ ಹಲ್ಮಿಡಿ ಶಾಸನಕ್ಕಿಂತ ಇದು ಹಿಂದಿನದಾಯಿತು. ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಕ್ಷರದ ರೂಪ ನೋಡಿ ಕಾಲ ಹೇಳುವುದು, ಕೂದಲ ನರೆ ನೋಡಿ ವಯಸ್ಸು ಹೇಳಿದ ಹಾಗೆ; ಹತ್ತಿಪ್ಪತ್ತು ವರ್ಷ ಆಚೀಚೆ ಆಗಿಯೇ ಆಗುತ್ತದೆ.

ಇನ್ನೊಂದು ತಮಾಷೆ. ಗ್ರೀಕರ ಹಳೆಯ ಅಕ್ಷರವೊಂದರ ಹೆಸರು 'ಕೊಪ್ಪ'. ನಮ್ಮ ಕೊಪ್ಪಕ್ಕೂ ಅದಕ್ಕೂ ಯಾವ ನಂಟೂ ಇಲ್ಲ, ಯಾರೂ ಪ್ರಬಂಧ ಬರೆಯಹೊರಡಬೇಡಿ! ಅದೇ ಉಚ್ಚಾರಕ್ಕೆ ಬೇರೆ ಅಕ್ಷರವಿದ್ದುದರಿಂದ ಕೊಪ್ಪ ಬಳಕೆ ತಪ್ಪಿತು. ಕಾರಿಂತ್ ಪಟ್ಟಣದವರು ಮಾತ್ರ, ತಮ್ಮೂರ ಹೆಸರಿನ ಹಳೆಯ ಮೊದಲಕ್ಷರವೆಂದು, ಅದನ್ನು ನಾಣ್ಯಗಳ ಮೇಲೆ ಉಳಿಸಿಕೊಂಡರು. ನಮ್ಮ ಱ, ೞ ಗಳ ಗತಿಯೂ ಇದೇ ತಾನೇ? ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ೞಕಾರವಿರುವ ಪದಗಳನ್ನು ಪಟ್ಟಿ ಮಾಡಿಯೇ ಹೇಳಬೇಕಾಯಿತೆಂದರೆ, ಆಗಲೇ ಜನ ಅದನ್ನು ಮರೆಯತೊಡಗಿದ್ದರೆಂದು ನನ್ನ ಊಹೆ.

ಕಲ್ಲನ್ನು ಓದುವ ಕೆಲಸವೂ ಎರಡು ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಇಳಿಸುತ್ತಾರೆ. ಗ್ರೀಸಿನಲ್ಲಿ ಅದನ್ನು ಹಾಗೆಯೇ ಒಣಗಿಸಿ ಬಿಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ತಮ್ಮೂರಿನಲ್ಲಿ ಅಕ್ಷರದ ಕಲ್ಲಿದ್ದರೆ ದಯವಿಟ್ಟು ಅದಕ್ಕೆ ಸುಣ್ಣ ಬಳಿಯಬೇಡಿ, ಎಣ್ಣೆ ಹೊಯ್ಯಬೇಡಿ, ಮೊಳೆಯಿಂದ ಕೆರೆಯಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಅರ್ಧ ಅಕ್ಷರ ತಾನಾಗಿಯೇ ಕಾಣುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಸೀಮೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿತ್ತು. ಅದರ ಎರಡು ಸಾಲು ಓದಿ ಬರೆದುಕೊಂಡೆ. ತುರು ಹಿಡಿದವರೊಡನೆ ಕಾದಿದ ಸಂಗತಿ ಅದರಲ್ಲಿತ್ತು. ಬಿಸಿಲು ಇಳಿದುಹೋಯಿತು, ಮೂರನೆಯ ಸಾಲನ್ನು ಇನ್ನೊಂದು ದಿನ ಓದೋಣವೆಂದು ಸೈಕಲ್ಲು ಹತ್ತಿದೆ. ಪರೀಕ್ಷೆ, ಮನೆಯ ಮದುವೆ, ಮಳೆಗಾಲ ಎಂದು ಒಂದು ವರ್ಷ ಕಳೆಯಿತು. ಮತ್ತೆ ಹೋದಾಗ ಏರಿಯನ್ನು ದುರಸ್ತಿ ಮಾಡಿದ್ದರು. ಕಲ್ಲು ಒಡೆದು ತೂಬಿನ ಕಟ್ಟಡದೊಳಗೆ ಸೇರಿಹೋಗಿತ್ತು. ಕಾದಿ ಸತ್ತವನ ಹೆಸರು ಮೂರನೆಯ ಸಾಲಿನಲ್ಲಿ ಇದ್ದಿರಬೇಕು. ಆ ಎರಡು ಸಾಲುಗಳ ಹಾಳೆ ಇನ್ನೂ ನನ್ನ ಬಳಿ ಇದೆ.